ಬೆಳೆ ನಮ್ಮ ಗದ್ದೆಯದು, ಕೊಯ್ಲು ಯಾರದು?



ಈ ಸಲ ಒಂದು ಸಣ್ಣ ಲೆಕ್ಕದಿಂದ ಮಾತು ಆರಂಭಿಸೋಣ. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದ ಭಾರತದ ಪುರುಷರ ಹಾಕಿ ತಂಡದಲ್ಲಿ 16 ಮಂದಿ ಇದ್ದರು. ಅವರಲ್ಲಿ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಈ ನಾಲ್ವರೂ ನಮ್ಮ ಕೊಡಗಿನವರು. ಅಂದರೆ ತಂಡದ ಕಾಲು ಭಾಗ! 2011ರ ಜನಗಣತಿಯ ಪ್ರಕಾರ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಅದೇ ಜನಗಣತಿಯಲ್ಲಿ ನಮ್ಮ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಜನಸಂಖ್ಯೆ ಹನ್ನೆರಡು ಲಕ್ಷ ದಾಟಿತ್ತು. ನಮ್ಮ ಈ ಎರಡು ಸ್ಟೇಷನ್ನುಗಳ ಅಕ್ಕಪಕ್ಕದ ಜನಕ್ಕಿಂತ ಅರ್ಧದಷ್ಟೂ ಜನರಿಲ್ಲದ ಒಂದು ಜಿಲ್ಲೆ, ದೇಶದ ತಂಡಕ್ಕೆ ನಾಲ್ವರನ್ನು ಕೊಟ್ಟಿತ್ತು.

ಇನ್ನು ಲೆಕ್ಕದ ಎರಡನೆಯ ಭಾಗ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮವರು ಕಂಚು ಗೆದ್ದರು. 1980ರ ಮಾಸ್ಕೋ ಚಿನ್ನದ ನಂತರ 41 ವರ್ಷಗಳ ಬರ ನೀಗಿತು. 2024ರ ಪ್ಯಾರಿಸ್ಸಿನಲ್ಲಿ ಮತ್ತೆ ಕಂಚು ಬಂತು. ನಾವೆಲ್ಲ ಟಿ.ವಿ. ಮುಂದೆ ಕುಳಿತು ಸಂಭ್ರಮಿಸಿದೆವು. ಆದರೆ ಆ ಎರಡೂ ತಂಡಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ನೋಡಿ. ಕೊಡಗಿನ ಒಬ್ಬ ಹುಡುಗನ ಹೆಸರೂ ಅಲ್ಲಿಲ್ಲ. ನಾಲ್ಕು ಇದ್ದದ್ದು ಐದೇ ವರ್ಷದಲ್ಲಿ ಸೊನ್ನೆಯಾಯಿತು.

ಇದಕ್ಕೆ ಕಾರಣ ಒಂದೇ ಅಲ್ಲ. ಆಟ ಮಣ್ಣಿನಿಂದ ಕೃತಕ ಹುಲ್ಲಿನ ಮೈದಾನಕ್ಕೆ ಹೋಯಿತು. ಮಕ್ಕಳು ಓದಿ ಬೆಂಗಳೂರಿನ ಕಂಪೆನಿಗಳಿಗೆ ಹೋದರು. ಒಂದು ತಲೆಮಾರು ನಿವೃತ್ತವಾದಾಗ ಇನ್ನೊಂದು ಸಿದ್ಧವಾಗಿರಲಿಲ್ಲ. ಇವೆಲ್ಲ ಹೌದು. ಆದರೆ ಇವುಗಳ ನಡುವೆ ಹೆಚ್ಚಾಗಿ ಯಾರೂ ಮಾತನಾಡದ ಇನ್ನೊಂದು ಸಂಗತಿ ಇದೆ. ಅದು ಹಣದ ಸಂಗತಿ. ಬೆಳೆಸಿದ ಊರಿಗೆ ತಾನು ಬೆಳೆಸಿದ ಆಟಗಾರನ ಮೇಲೆ ಏನಾದರೂ ಹಕ್ಕಿದೆಯೇ ಎಂಬ ಪ್ರಶ್ನೆ. ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಗದ್ದೆಯನ್ನು ನೋಡೋಣ. ಕೊಡಗಿನಲ್ಲಿ ಹಾಕಿ ಎಂದರೆ ಬರೀ ಆಟವಲ್ಲ, ಮನೆತನದ ವಿಷಯ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಮೊದಲ ವರ್ಷ 60 ತಂಡಗಳು ಬಂದವು. ಪ್ರತಿ ವರ್ಷ ಒಂದೊಂದು ಕುಟುಂಬ ಅದನ್ನು ನಡೆಸುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ ಇರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ ತಂಡಗಳ ಸಂಖ್ಯೆ 360ಕ್ಕೆ ಏರಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದಾಗ 396! ಅಜ್ಜ, ಮೊಮ್ಮಗ, ಅಕ್ಕ, ತಂಗಿ ಒಂದೇ ತಂಡದಲ್ಲಿ ಆಡುವುದನ್ನು ಅಲ್ಲಿ ನೋಡಬಹುದು.

ಈ ಪಂದ್ಯಾವಳಿಯ ಒಂದು ನಿಯಮವನ್ನು ಗಮನಿಸಿ. ತಂಡ ಎಂದರೆ ಒಕ್ಕ, ಅಂದರೆ ಒಂದು ಮನೆತನ. ಎಷ್ಟೇ ದುಡ್ಡಿದ್ದರೂ ಪಕ್ಕದ ಒಕ್ಕದ ಒಳ್ಳೆಯ ಫಾರ್ವರ್ಡ್ ಆಟಗಾರನನ್ನು ಕೊಂಡು ತರಲು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹುಟ್ಟಿ ಬೆಳೆದವರೇ ನಿಮ್ಮ ತಂಡ. ಹರಾಜಿಲ್ಲ, ಬೆಲೆಯಿಲ್ಲ, ಬಿಟ್ಟು ಹೋಗುವ ಭಯವಿಲ್ಲ. ಊರಿನ ಪ್ರತಿಭೆಯನ್ನು ಊರಲ್ಲೇ ಉಳಿಸುವ ಇದಕ್ಕಿಂತ ಗಟ್ಟಿಯಾದ ನಿಯಮವನ್ನು ಜಗತ್ತಿನ ಯಾವ ಲೀಗೂ ಮಾಡಿಲ್ಲ. ಆದರೆ ಒಂದು ಕೊರತೆಯಿದೆ. ಇದು ವರ್ಷಕ್ಕೊಮ್ಮೆ ಬರುವ ಹಬ್ಬ, ಹಬ್ಬದಿಂದ ಹೊಟ್ಟೆ ತುಂಬುವುದಿಲ್ಲ.

ಹೊಟ್ಟೆಪಾಡಿನ ದಾರಿ ಹಿಂದೆ ಬೇರೆಯಿತ್ತು. ಆ ದಾರಿ ನೇರವಾಗಿ ನಮ್ಮ ಮುಂಬಯಿಗೇ ಬರುತ್ತಿತ್ತು ಎಂಬುದು ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಂದು ಆಟಗಾರನಿಗೆ ಸಿಗುತ್ತಿದ್ದದ್ದು ಹರಾಜಿನ ಬೆಲೆಯಲ್ಲ, ನೌಕರಿ. ರೈಲ್ವೆ, ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್, ತೈಲ ಕಂಪೆನಿಗಳು, ಬ್ಯಾಂಕುಗಳು, ಮಹೀಂದ್ರದಂತಹ ಕಾರ್ಖಾನೆಗಳು ತಮ್ಮದೇ ಹಾಕಿ ತಂಡ ಇಟ್ಟುಕೊಂಡಿದ್ದವು. ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರಾಗಿದ್ದ ಕೊಡಗಿನ ಎಂ. ಎಂ. ಸೋಮಯ್ಯನವರು ಭಾರತ್ ಪೆಟ್ರೋಲಿಯಮ್ಮಿನ ನೌಕರಿಯಲ್ಲಿ ಮುಂಬಯಿಯವರೇ ಆಗಿಬಿಟ್ಟರು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಏರ್ ಇಂಡಿಯಾಕ್ಕೆ ಆಡಿದರು. ಸುನಿಲ್ ಭಾರತ್ ಪೆಟ್ರೋಲಿಯಮ್ಮಿಗೆ, ರಘುನಾಥ್ ಇಂಡಿಯನ್ ಆಯಿಲಿಗೆ ಸೇರಿದರು. ಚರ್ಚ್‌ಗೇಟಿನ ಹಾಕಿ ಮೈದಾನದಲ್ಲಿ ಬಾಂಬೆ ಗೋಲ್ಡ್ ಕಪ್ ಪಂದ್ಯಗಳನ್ನು ನೋಡಲು ಆಫೀಸು ಬಿಟ್ಟು ಹೋಗಿ, ನಂತರ ಡಬಲ್ ಫಾಸ್ಟ್ ಹಿಡಿದು ಕಲ್ಯಾಣಕ್ಕೆ ಮರಳಿದವರು ನಮ್ಮ ಓದುಗರಲ್ಲೇ ಇದ್ದಾರು.

ಆ ವ್ಯವಸ್ಥೆಯಲ್ಲೂ ಹುಡುಗ ಊರು ಬಿಡುತ್ತಿದ್ದ. ಆದರೆ ಬಿಟ್ಟವನಿಗೆ ಆಟ ಮುಗಿದ ಮೇಲೂ ಐವತ್ತೆಂಟು, ಅರುವತ್ತರವರೆಗೆ ಸಂಬಳ, ಕ್ವಾರ್ಟರ್ಸು, ಪಿಂಚಣಿ ಇತ್ತು. ಅದನ್ನು ನೋಡಿ ಊರಿನಲ್ಲಿ ಇನ್ನೂ ಹತ್ತು ತಾಯಂದಿರು ಮಗನ ಕೈಗೆ ಹಾಕಿ ಸ್ಟಿಕ್ ಕೊಡುತ್ತಿದ್ದರು. ಊರಿಗೆ ಸಿಗುತ್ತಿದ್ದ ಪಾಲು ಅದು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಕಂಚಿನ ತಂಡದಲ್ಲಿದ್ದ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ ಅವರಿಂದ ಹಿಡಿದು ರಘುನಾಥ್-ಸುನಿಲರವರೆಗೆ ಸರಪಳಿ ಮುರಿಯದೆ ಬಂದದ್ದರಲ್ಲಿ ಈ ನೌಕರಿಯ ಪಾತ್ರ ಸಣ್ಣದಲ್ಲ.

ಆಮೇಲೆ ಲೀಗುಗಳ ಕಾಲ ಬಂತು. 2005ರಿಂದ 2008ರವರೆಗೆ ಪ್ರೀಮಿಯರ್ ಹಾಕಿ ಲೀಗ್ ನಡೆಯಿತು. ಅದರಲ್ಲಿ ಬೆಂಗಳೂರಿನ ತಂಡವಿತ್ತು, ಪ್ರಶಸ್ತಿಯನ್ನೂ ಗೆದ್ದಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅದರಲ್ಲಿ ಕರ್ನಾಟಕ ಲಯನ್ಸ್ ಇತ್ತು, ಆದರೆ ಆ ಲೀಗು ಒಂದೇ ವರ್ಷಕ್ಕೆ ಮುಗಿಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜಿನೊಂದಿಗೆ ಶುರುವಾಯಿತು. ದಿಲ್ಲಿ, ಪಂಜಾಬ್, ಮುಂಬಯಿ, ರಾಂಚಿ, ಉತ್ತರಪ್ರದೇಶ ಎಂಬ ಐದು ತಂಡಗಳು. ಮರುವರ್ಷ ಒಡಿಶಾದ ಕಳಿಂಗ ಲ್ಯಾನ್ಸರ್ಸ್ ಸೇರಿ ಆರಾದವು. ಕರ್ನಾಟಕದ ತಂಡವೇ ಇಲ್ಲ! ಕೊಡಗಿನ ರಘುನಾಥರನ್ನು ಉತ್ತರಪ್ರದೇಶದ ತಂಡ 76,000 ಡಾಲರಿಗೆ ಕೊಂಡಿತು. ಆ ಹರಾಜಿನ ಅತಿ ದೊಡ್ಡ ಬೆಲೆಗಳಲ್ಲಿ ಅದೂ ಒಂದು. ಸುನಿಲರನ್ನು 42,000 ಡಾಲರಿಗೆ ಪಂಜಾಬ್ ತಂಡ ತೆಗೆದುಕೊಂಡಿತು. ಲಖನೌ, ಜಾಲಂಧರ್ ಮೈದಾನಗಳಲ್ಲಿ ನಮ್ಮ ಹುಡುಗರಿಗೆ ಚಪ್ಪಾಳೆ ಬಿತ್ತು. ಮಡಿಕೇರಿಯ ಮಕ್ಕಳು ಅದನ್ನು ಟಿ.ವಿ.ಯಲ್ಲಿ ನೋಡಿದರು.

2017ರ ನಂತರ ನಿಂತುಹೋಗಿದ್ದ ಆ ಲೀಗ್ 2024ರ ಡಿಸೆಂಬರಿನಲ್ಲಿ ಪುನಃ ಆರಂಭವಾದಾಗ ಪುರುಷರ ತಂಡಗಳು ಎಂಟು. ತಮಿಳುನಾಡಿಗೆ ತಂಡ ಬಂತು, ಹೈದರಾಬಾದಿಗೆ ಬಂತು, ವಿಶಾಖಪಟ್ಟಣಕ್ಕೂ ಬಂತು. ಆ ವರ್ಷವೂ ಕರ್ನಾಟಕಕ್ಕೆ ಇಲ್ಲ. ನಮ್ಮ ಮುಂಬಯಿಗೂ ಇಲ್ಲ.

ಈಗ ‘ಸ್ಯಾಲರಿ ಕ್ಯಾಪ್’ ಎಂಬ ಮಾತಿಗೆ ಬರೋಣ. ಸಂಬಳದ ಮಿತಿ ಎಂದು ಇದರ ಅರ್ಥ. ನಮ್ಮವರಿಗೆ ಹೋಟೆಲಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಸ್ಟೇಷನ್ ಎದುರಿನ ರಸ್ತೆಯಲ್ಲಿ ಆರು ಹೋಟೆಲುಗಳಿವೆ ಎಂದು ಇಟ್ಟುಕೊಳ್ಳಿ. ಒಬ್ಬ ಧಣಿಗೆ ದುಡ್ಡು ಬೇಕಾದಷ್ಟಿದೆ. ಅವನು ಉಳಿದ ಐದು ಹೋಟೆಲುಗಳ ಒಳ್ಳೆಯ ಅಡುಗೆಯವರನ್ನೆಲ್ಲ ಹೆಚ್ಚು ಸಂಬಳ ಕೊಟ್ಟು ಎಳೆದುಕೊಂಡರೆ ರಸ್ತೆಯಲ್ಲಿ ಒಂದೇ ಹೋಟೆಲು ಉಳಿದೀತು. ಆಗ ಎಲ್ಲರೂ ಸೇರಿ ಒಂದು ಕಟ್ಟುಪಾಡು ಮಾಡುತ್ತಾರೆ: ಯಾವ ಹೋಟೆಲಾದರೂ ಅಡುಗೆಮನೆಯ ಸಂಬಳಕ್ಕೆ ತಿಂಗಳಿಗೆ ಇಷ್ಟೇ ಖರ್ಚು ಮಾಡತಕ್ಕದ್ದು. ದೊಡ್ಡ ಧಣಿ ಒಬ್ಬ ಒಳ್ಳೆಯ ದೋಸೆಯವನನ್ನು ಕೊಂಡರೆ, ಸಾಂಬಾರಿನವನಿಗೆ ಕೊಡಲು ದುಡ್ಡು ಕಡಮೆಯಾಗುತ್ತದೆ. ಒಳ್ಳೆಯ ಕೈಗಳು ಆರೂ ಹೋಟೆಲುಗಳಿಗೆ ಹಂಚಿಹೋಗುತ್ತವೆ. ಗಿರಾಕಿಗೆ ಎಲ್ಲಿ ಹೋದರೂ ತಿನ್ನುವಂಥದ್ದು ಸಿಗುತ್ತದೆ.

2024ರ ಹಾಕಿ ಹರಾಜಿನಲ್ಲಿ ಪುರುಷರ ಒಂದೊಂದು ತಂಡಕ್ಕೆ ಈ ಮಿತಿ ನಾಲ್ಕು ಕೋಟಿ ರೂಪಾಯಿ. ಆ ಹಣದಲ್ಲಿ 24 ಆಟಗಾರರು ಬೇಕು. ಅವರಲ್ಲಿ ಕನಿಷ್ಠ 16 ಮಂದಿ ಭಾರತೀಯರು, ಅದರಲ್ಲೂ ನಾಲ್ವರು ಜೂನಿಯರ್‌ಗಳು ಇರಲೇಬೇಕು. ಸರಾಸರಿ ತೆಗೆದರೆ ತಲೆಗೆ ಹದಿನಾರು ಲಕ್ಷದ ಅರವತ್ತಾರು ಸಾವಿರ ಚಿಲ್ಲರೆ. ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಸೂರ್ಮಾ ತಂಡ 78 ಲಕ್ಷ ಕೊಟ್ಟಿತು. ಹಾಗೆ ಕೊಟ್ಟ ಮೇಲೆ ಉಳಿದ 23 ಮಂದಿಗೆ ಅದರ ಬಳಿ ಉಳಿದದ್ದು 3 ಕೋಟಿ 22 ಲಕ್ಷ, ತಲೆಗೆ ಹದಿನಾಲ್ಕು ಲಕ್ಷ. ಒಬ್ಬರಿಗೆ ಹೆಚ್ಚು ಕೊಟ್ಟರೆ ಉಳಿದ ಎಲ್ಲರ ಪಾತ್ರೆಯಿಂದಲೂ ಒಂದೊಂದು ಸೌಟು ತೆಗೆಯಬೇಕು. ಮಿತಿಯ ಗುಟ್ಟು ಇಷ್ಟೇ.

ಇದರಿಂದ ಫಲ ಸಿಕ್ಕಿತೇ? ಒಂದು ಅರ್ಥದಲ್ಲಿ ಖಂಡಿತ ಸಿಕ್ಕಿತು. 2013ರಲ್ಲಿ ಮೊದಲ ಪ್ರಶಸ್ತಿ ಗೆದ್ದದ್ದು ಮುಂಬಯಿಯೂ ಅಲ್ಲ, ದಿಲ್ಲಿಯೂ ಅಲ್ಲ, ರಾಂಚಿ. ಮುಂದೆ ದಿಲ್ಲಿ, ಮತ್ತೆ ರಾಂಚಿ, ಪಂಜಾಬ್, 2017ರಲ್ಲಿ ಕಳಿಂಗ. ಐದು ವರ್ಷಗಳಲ್ಲಿ ನಾಲ್ಕು ಊರುಗಳಿಗೆ ಕಪ್ಪು ಹೋಯಿತು. ದೇಶದ ಅತಿ ದೊಡ್ಡ ಪೇಟೆಯಾದ ಮುಂಬಯಿಯ ತಂಡ 2017ರಲ್ಲಿ ಫೈನಲಿನವರೆಗೆ ಬಂದು ಕಳಿಂಗಕ್ಕೆ ಸೋತಿತು. ದುಡ್ಡಿದ್ದವನೇ ಗೆಲ್ಲುವುದನ್ನು ಮಿತಿ ತಪ್ಪಿಸಿತು.

ಆದರೆ ಓದುಗರೇ, ಮಿತಿ ಮಾಡದ ಕೆಲಸ ಒಂದಿದೆ. ಅದು ಹುಡುಗನನ್ನು ಅವನ ಊರಿನಲ್ಲಿ ಉಳಿಸುವುದಿಲ್ಲ. ಒಳ್ಳೆಯ ಕೈಗಳು ಆರು ಹೋಟೆಲುಗಳಿಗೆ ಹಂಚಿಹೋದವು ನಿಜ. ಆದರೆ ಆ ಕೈಗಳಿಗೆ ಕೆಲಸ ಕಲಿಸಿದ ಏಳನೆಯ ಹೋಟೆಲು ಆ ರಸ್ತೆಯಲ್ಲೇ ಇಲ್ಲದಿದ್ದರೆ? ಕೊಡಗಿನ ಸ್ಥಿತಿ ಅದು.

ಈ ಮಾತಿಗೆ ದೂರದ ಕೆನಡಾದಿಂದ ಒಂದು ಕಥೆ ಹೇಳುತ್ತೇನೆ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಆಟ ಬೇರೆ, ಊರಿನ ಸಂಕಟ ಒಂದೇ. ವಿನಿಪೆಗ್ ಎಂಬುದು ಆ ದೇಶದ ಒಂದು ಸಾಧಾರಣ ಊರು. ಅಲ್ಲಿನ ಜೆಟ್ಸ್ ತಂಡ ದೊಡ್ಡ ಪೇಟೆಗಳ ಸಂಬಳದ ಜೊತೆ ಹೆಣಗಲಾರದೆ 1996ರಲ್ಲಿ ಅಮೆರಿಕದ ಫೀನಿಕ್ಸಿಗೆ ಎತ್ತಂಗಡಿಯಾಯಿತು. ಅದರ ಹಿಂದಿನ ವರ್ಷ ಕ್ವಿಬೆಕ್ ನಗರದ ತಂಡ ಕೊಲರಾಡೋಗೆ ಹೋಗಿತ್ತು, ಹೋದ ಮೊದಲ ವರ್ಷವೇ ಅಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಸಾಕಿದ ಹಸು ಪಕ್ಕದ ಮನೆಗೆ ಹೋದ ಮರುದಿನವೇ ಹಾಲು ಕರೆದ ಹಾಗೆ!

ವಿನಿಪೆಗ್ಗಿನಲ್ಲಿ ಹುಟ್ಟಿದ ಜೊನಾಥನ್ ಟೇವ್ಸ್ ಎಂಬ ಹುಡುಗನಿಗೆ ತನ್ನ ಊರಿನ ತಂಡ ಹೊರಟುಹೋದಾಗ ಎಂಟು ವರ್ಷ. ಬೆಳೆದು ದೊಡ್ಡ ಆಟಗಾರನಾದಾಗ ಊರಿನಲ್ಲಿ ತಂಡವೇ ಇರಲಿಲ್ಲ. 2006ರಲ್ಲಿ ಶಿಕಾಗೋ ತಂಡ ಅವನನ್ನು ಆರಿಸಿಕೊಂಡಿತು. ಆ ತಂಡದ ನಾಯಕನಾಗಿ ಅವನು 2010, 2013, 2015ರಲ್ಲಿ ಮೂರು ಸಲ ಸ್ಟ್ಯಾನ್ಲಿ ಕಪ್ ಗೆದ್ದ. ಮೂರೂ ಶಿಕಾಗೋ ಲೆಕ್ಕಕ್ಕೆ.

ಇದರ ನಡುವೆ ಆ ಲೀಗಿನಲ್ಲಿ ದೊಡ್ಡ ಜಗಳವಾಗಿತ್ತು. ಸಂಬಳದ ಮಿತಿಯ ವಿಷಯದಲ್ಲೇ ಮಾಲಿಕರಿಗೂ ಆಟಗಾರರಿಗೂ ಒಪ್ಪಂದವಾಗದೆ 2004-05ರ ಇಡೀ ಋತು ಬಂದ್ ಆಯಿತು. ಕೊನೆಗೆ ತಂಡಕ್ಕೆ 3 ಕೋಟಿ 90 ಲಕ್ಷ ಡಾಲರಿನ ಮಿತಿ 2005ರಲ್ಲಿ ಜಾರಿಗೆ ಬಂತು. 2025-26ರ ಋತುವಿಗೆ ಆ ಮಿತಿ 9 ಕೋಟಿ 55 ಲಕ್ಷ ಡಾಲರಿಗೆ ಏರಿತ್ತು. ಮಿತಿ ಬಂದದ್ದರಿಂದ ಸಣ್ಣ ಊರುಗಳಿಗೆ ಉಸಿರು ಬಂತು. 2011ರಲ್ಲಿ ಅಟ್ಲಾಂಟಾದ ತಂಡ ವಿನಿಪೆಗ್ಗಿಗೆ ಸ್ಥಳಾಂತರಗೊಂಡು, ಊರು ಮತ್ತೆ ಜೆಟ್ಸ್ ಎಂಬ ಹೆಸರು ಕೇಳಿತು. ಮಿತಿಯ ಜೊತೆಗೆ ಅಲ್ಲಿ ಇನ್ನೊಂದು ನಿಯಮವೂ ಇದೆ. ಹದಿನೆಂಟರ ಹುಡುಗನನ್ನು ಆರಿಸಿ ಬೆಳೆಸಿದ ತಂಡಕ್ಕೆ ಅವನ ಮೇಲೆ ಕೆಲವು ವರ್ಷ ಮೊದಲ ಹಕ್ಕು. ಬೇರೆಯವರು ಬೆಲೆ ಹೇಳಿದರೆ ಅಷ್ಟನ್ನೇ ಕೊಟ್ಟು ಉಳಿಸಿಕೊಳ್ಳಬಹುದು. ಬಿಟ್ಟುಕೊಟ್ಟರೆ ಪರಿಹಾರ ಸಿಗುತ್ತದೆ. 2011ರಲ್ಲಿ ಜೆಟ್ಸ್ ಆರಿಸಿದ ಮಾರ್ಕ್ ಶೈಫೆಲಿ ಹೀಗೆ ಅಲ್ಲೇ ಬೆಳೆದು, 2023ರಲ್ಲಿ ಮತ್ತೆ ಏಳು ವರ್ಷಗಳಿಗೆ ಸಹಿ ಹಾಕಿದ. ನಮ್ಮ ಟೇವ್ಸ್? ಅವನೂ ಬಂದ. 2025ರಲ್ಲಿ, 37ನೆಯ ವಯಸ್ಸಿನಲ್ಲಿ, ಒಂದು ವರ್ಷದ ಒಪ್ಪಂದಕ್ಕೆ. ತವರಿಗೆ ಬಂದದ್ದು ಸಂತೋಷವೇ, ಆದರೆ ಅವನ ಯೌವನ ಶಿಕಾಗೋದಲ್ಲಿ ಕಳೆದುಹೋಗಿತ್ತು.

ಹಾಗೆಂದು ಮಿತಿ ಯಾವಾಗಲೂ ಸಾಕಿದವನ ಪಕ್ಷವೇ ಎಂದುಕೊಳ್ಳಬೇಡಿ. 2010ರಲ್ಲಿ ಗೆದ್ದ ಶಿಕಾಗೋ ತಂಡ, ಗೆದ್ದ ಕಾರಣಕ್ಕೇ ಎಲ್ಲರ ಬೆಲೆ ಏರಿದ್ದರಿಂದ, ಮಿತಿಯೊಳಗೆ ಅವರನ್ನು ಹಿಡಿದಿಡಲಾರದೆ ಹಲವರನ್ನು ಬಿಟ್ಟುಕೊಡಬೇಕಾಯಿತು. ಚೆನ್ನಾಗಿ ಬೆಳೆಸಿದಷ್ಟೂ ಉಳಿಸುವುದು ಕಷ್ಟ! ಸಂಬಳದ ಮಿತಿ ಒಂದು ತಕ್ಕಡಿ. ಅದು ತೂಗುತ್ತದೆ, ಆದರೆ ಯಾರು ಉತ್ತಿದರು, ಯಾರು ಬಿತ್ತಿದರು ಎಂದು ಕೇಳುವುದಿಲ್ಲ.

ಕ್ರಿಕೆಟ್ಟಿನಲ್ಲಿ ನಾವು ಇದನ್ನು ಕಣ್ಣಾರೆ ನೋಡಿದ್ದೇವೆ. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ಪ್ರತಿ ತಂಡದಲ್ಲಿ ಆಯಾ ಪ್ರದೇಶದ ಕೆಲವರಾದರೂ ಇರಬೇಕೆಂಬ ನಿಯಮವಿತ್ತು. ರಾಹುಲ್ ದ್ರಾವಿಡ್ ಬೆಂಗಳೂರಿನ ‘ಐಕಾನ್’ ಆಟಗಾರರಾದರು. ಆ ನಿಯಮ ಬಹಳ ಕಾಲ ಉಳಿಯಲಿಲ್ಲ. 2011ರ ಹರಾಜಿನಲ್ಲಿ ದ್ರಾವಿಡರು ರಾಜಸ್ಥಾನಕ್ಕೆ ಹೋದರು. ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ 2013 ಮತ್ತು 2016ರಲ್ಲಿ ಬೆಂಗಳೂರಿಗೆ ಆಡಿದವರು. 2018ರಲ್ಲಿ ಅವರನ್ನು ಪಂಜಾಬ್ 11 ಕೋಟಿಗೆ ಕೊಂಡಿತು, 2025ರಲ್ಲಿ ಅವರು ದಿಲ್ಲಿಯಲ್ಲಿದ್ದರು. ಆ ವರ್ಷ ಏಪ್ರಿಲ್ 10ರಂದು ಚಿನ್ನಸ್ವಾಮಿ ಮೈದಾನದಲ್ಲಿ ಬೆಂಗಳೂರಿನ ವಿರುದ್ಧವೇ ಔಟಾಗದೆ 93 ರನ್ ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಒಂದು ಗೆರೆ ಸುತ್ತಿ, ಇದು ನನ್ನ ನೆಲ ಎಂಬ ಸನ್ನೆ ಮಾಡಿದರು. ‘ಕಾಂತಾರ’ ನೋಡಿದವರಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅದೇ ವರ್ಷ ಜೂನ್ 3ರಂದು ಬೆಂಗಳೂರು ತಂಡ ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು. ಗೆಲುವಿಗೆ ಸ್ಥಳೀಯರೇ ಬೇಕೆಂಬ ನಿಯಮವೇನಿಲ್ಲ ಎಂಬುದನ್ನೂ ಒಪ್ಪೋಣ. ಆದರೆ ಕ್ರಿಕೆಟ್ಟಿಗೆ ರಣಜಿ ಇದೆ, ಕ್ರಿಕೆಟ್ ಮಂಡಳಿಯ ಹಣವಿದೆ. ಹುಡುಗ ಎಲ್ಲಿಗೆ ಹೋದರೂ ಬೇರಿಗೆ ನೀರು ಸಿಗುತ್ತದೆ. ಹಾಕಿಗೆ ಆ ಭಾಗ್ಯವಿಲ್ಲ.

ಹಾಗಾದರೆ ಸಣ್ಣ ಊರು ಏನು ಮಾಡಬಹುದು? ದೇಶದೊಳಗೇ ಒಂದು ಉತ್ತರವಿದೆ, ಒಡಿಶಾ. ಅಲ್ಲಿನ ಸುಂದರಗಢ ಜಿಲ್ಲೆ ಒಂದರ್ಥದಲ್ಲಿ ಅವರ ಕೊಡಗು. ಭಾರತದ ನಾಯಕರಾಗಿದ್ದ, 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾದ ದಿಲೀಪ್ ತಿರ್ಕಿ ಆ ಜಿಲ್ಲೆಯವರು. ಅಲ್ಲಿಯ ಸರ್ಕಾರ ಊರಿನ ಆಟವನ್ನು ಊರಿನ ಹೆಮ್ಮೆ ಎಂದು ಬಗೆಯಿತು. ಲೀಗಿನಲ್ಲಿ ತಂಡ ನಿಂತಿತು. 2018ರಿಂದ ಭಾರತ ತಂಡಕ್ಕೇ ಆ ರಾಜ್ಯ ಪ್ರಾಯೋಜಕನಾಯಿತು. 2023ರಲ್ಲಿ ರೂರ್ಕೆಲಾದಲ್ಲಿ 20,000 ಜನ ಕೂರುವ ಬಿರ್ಸಾ ಮುಂಡಾ ಕ್ರೀಡಾಂಗಣ ಎದ್ದಿತು. ಟೋಕಿಯೋದ ಕಂಚಿನ ತಂಡದಲ್ಲಿ ಸುಂದರಗಢದ ಇಬ್ಬರಿದ್ದರು, ಬೀರೇಂದ್ರ ಲಾಕ್ರಾ ಮತ್ತು ಅಮಿತ್ ರೋಹಿದಾಸ್. ಪ್ಯಾರಿಸ್ಸಿನಲ್ಲಿ ರೋಹಿದಾಸ್ ಮತ್ತೆ ಇದ್ದರು. ಅವರ ಸರಪಳಿ ಮುರಿಯಲಿಲ್ಲ. ಒಡಿಶಾ ಕರ್ನಾಟಕಕ್ಕಿಂತ ಶ್ರೀಮಂತ ರಾಜ್ಯವೇನಲ್ಲ ಎಂಬುದನ್ನು ನೆನಪಿಡಿ.

ನನಗೆ ತೋಚುವುದು ಮೂರು ಮಾತು. ಮೊದಲನೆಯದು, ಲೀಗಿನಲ್ಲಿ ಕರ್ನಾಟಕದ ಹೆಸರಿನ ತಂಡ ಬೇಕು. ತಂಡದ ಖರ್ಚಿಗೆ ಮಿತಿ ಇರುವುದರಿಂದ ಇದು ಐ.ಪಿ.ಎಲ್.ನಷ್ಟು ಭಾರದ ಹೊರೆಯಲ್ಲ. ಆಟಗಾರರ ಲೆಕ್ಕಕ್ಕೆ ನಾಲ್ಕು ಕೋಟಿ. 2025ರ ಐ.ಪಿ.ಎಲ್. ಹರಾಜಿಗೆ ಒಂದು ತಂಡದ ಮಿತಿ 120 ಕೋಟಿ ಇತ್ತು. ಮೂವತ್ತರಲ್ಲಿ ಒಂದು ಪಾಲು. ಪ್ರಯಾಣ, ತರಬೇತಿ, ಆಡಳಿತದ ಖರ್ಚು ಬೇರೆ ಇದ್ದೇ ಇದೆ. ಆದರೂ ಬೆಂಗಳೂರಿನಂಥ ಊರಿನಲ್ಲಿ ಇದನ್ನು ಹೊರುವ ಬೆನ್ನು ಒಂದೂ ಇಲ್ಲವೇ?

ಎರಡನೆಯದು, ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದ ಆ ನಾಲ್ವರು ಜೂನಿಯರ್‌ಗಳ ಜಾಗವನ್ನಾದರೂ ಆಯಾ ತಂಡದ ಸ್ವಂತ ಪ್ರದೇಶಕ್ಕೆ ಮೀಸಲಿಡಬೇಕು, ಅವರನ್ನು ಮೂರು ನಾಲ್ಕು ವರ್ಷ ಹರಾಜಿಗೆ ಕಳಿಸದೆ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರಬೇಕು. ಪ್ರೊ ಕಬಡ್ಡಿಯಲ್ಲಿ ಎಳೆಯ ಆಟಗಾರರನ್ನು ತಂಡಗಳೇ ಆರಿಸಿ ತರಬೇತಿ ಕೊಟ್ಟು ಬೆಳೆಸುವ ಪದ್ಧತಿ ಇದೆ. ಕಬಡ್ಡಿಗೆ ಸಾಧ್ಯವಾದದ್ದು ಹಾಕಿಗೆ ಯಾಕಾಗದು?

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಫುಟ್‌ಬಾಲಿನಲ್ಲಿ 2001ರಿಂದ ಒಂದು ನಿಯಮವಿದೆ. ಒಬ್ಬ ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದಾಗ ಆ ಹಣದಲ್ಲಿ ನೂರಕ್ಕೆ ಐದು ಪಾಲು, ಅವನ 12ರಿಂದ 23ನೆಯ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಿಹೋಗಬೇಕು. ಹಳ್ಳಿಯ ಕ್ಲಬ್ಬಾದರೂ ಸರಿ. ಇದನ್ನು ನಮ್ಮ ಹಾಕಿ ಹರಾಜಿಗೆ ಅನ್ವಯಿಸಿ ನೋಡಿ. 78 ಲಕ್ಷದಲ್ಲಿ ನೂರಕ್ಕೆ ಐದು ಎಂದರೆ 3 ಲಕ್ಷ 90 ಸಾವಿರ. ಒಂದು ಹಳ್ಳಿ ಶಾಲೆಯ ಮೈದಾನಕ್ಕೆ ಅದು ಎಷ್ಟು ಸ್ಟಿಕ್, ಎಷ್ಟು ಚೆಂಡು, ಎಷ್ಟು ಜೊತೆ ಬೂಟು! ಎಂಟು ತಂಡಗಳೂ ಪೂರ್ತಿ ಖರ್ಚು ಮಾಡಿದರೆ ಒಟ್ಟು 32 ಕೋಟಿ, ಅದರ ಐದು ಪಾಲು 1 ಕೋಟಿ 60 ಲಕ್ಷ. ವಿದೇಶಿ ಆಟಗಾರರ ಭಾಗ ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ. ರೈತ ಎಷ್ಟೇ ಬಡವನಾದರೂ ಬಿತ್ತನೆಯ ಬೀಜವನ್ನು ಮೊದಲು ಎತ್ತಿಟ್ಟೇ ಉಳಿದದ್ದನ್ನು ಉಣ್ಣುತ್ತಾನೆ. ಹರಾಜಿನವರು ಬೀಜವನ್ನೂ ಉಣ್ಣುತ್ತಿದ್ದಾರೆ.

ಇದಕ್ಕೆ ಎದುರು ಮಾತೂ ಇದೆ. ಹುಡುಗನನ್ನು ಊರಿಗೆ ಕಟ್ಟಿಹಾಕುವುದು ನ್ಯಾಯವೇ? ಆಟಗಾರನ ಆಯುಷ್ಯ ಹತ್ತು ಹನ್ನೆರಡು ವರ್ಷ, ಅಷ್ಟರಲ್ಲಿ ನಾಲ್ಕು ಕಾಸು ಮಾಡಿಕೊಳ್ಳದಿದ್ದರೆ ಮತ್ತೆ ಯಾವಾಗ? ಈ ಪ್ರಶ್ನೆ ಸರಿಯಾದದ್ದೇ. ಅದನ್ನು ಕೇಳಲು ನಮಗಿಂತ ಯೋಗ್ಯರು ಯಾರು? ಉಡುಪಿ, ಕುಂದಾಪುರ, ಕಾರವಾರ, ಧಾರವಾಡ, ವಿಜಯಪುರದಿಂದ ಟ್ರಂಕು ಹಿಡಿದು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ನೆಲೆನಿಂತವರು ನಾವು. ಊರು ನಮ್ಮನ್ನು ಉಳಿಸಿಕೊಳ್ಳಲಿಲ್ಲ, ನಾವೂ ನಿಲ್ಲಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ನಮ್ಮ ಹಿರಿಯರು ಬಂದ ಮೇಲೆ ಮಾಡಿದ್ದೇನು? ಮನಿಯಾರ್ಡರ್ ಕಳಿಸಿದರು. ಊರಿನ ಶಾಲೆಗೆ ಕೋಣೆ ಕಟ್ಟಿಸಿದರು, ದೇವಸ್ಥಾನಕ್ಕೆ ಹಂಚು ಹೊದಿಸಿದರು, ತಮ್ಮನ ಮಗನನ್ನು ಕರೆತಂದು ಗಲ್ಲಾದ ಮೇಲೆ ಕೂರಿಸಿದರು. ಯಾವ ಕಾನೂನೂ ಹೇಳದೆಯೇ ತವರಿನ ಪಾಲನ್ನು ತವರಿಗೆ ಮುಟ್ಟಿಸಿದರು. ಹೋಗುವುದನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಹೋದದ್ದರಲ್ಲಿ ಒಂದು ಪಾಲು ಹಿಂದಕ್ಕೆ ಬರಬೇಕೆಂದಷ್ಟೇ ಹೇಳುತ್ತಿದ್ದೇನೆ.

ನಮ್ಮ ಕನ್ನಡ ಸಂಘವೂ ಒಂದು ಸಣ್ಣ ಊರಿನ ತಂಡವೇ. ಇಲ್ಲಿ ಅಕ್ಷರ ತಿದ್ದಿದ, ನಾಟಕದಲ್ಲಿ ಮೊದಲ ಬಣ್ಣ ಹಚ್ಚಿದ, ಭಜನೆಯಲ್ಲಿ ಮೊದಲ ತಾಳ ಹಾಕಿದ ಮಕ್ಕಳು ಬೆಳೆದು ಬೆಂಗಳೂರಿಗೆ, ಪುಣೆಗೆ, ಅಮೆರಿಕಕ್ಕೆ ಹೋಗುತ್ತಾರೆ. ಅವರ ಸಂಬಳಕ್ಕೆ ನಮ್ಮ ಬಳಿ ಮಿತಿಯೂ ಇಲ್ಲ, ಹಣವೂ ಇಲ್ಲ. ಆದರೆ ಅವರ ಹೆಸರು, ವಿಳಾಸ ನಮ್ಮ ಹಳೆಯ ರಿಜಿಸ್ಟರಿನಲ್ಲಿ ಇವೆ. ಅವರಿಗೆ ಪತ್ರ ಬರೆಯೋಣ. ಹಣ ಕೇಳುವ ಮೊದಲು ಸಮಯ ಕೇಳೋಣ. ವರ್ಷಕ್ಕೊಂದು ದಿನ ಬಂದು ಇಲ್ಲಿನ ಮಕ್ಕಳಿಗೆ ತಾವು ಕಲಿತದ್ದನ್ನು ಹೇಳಿಕೊಡಲಿ. ನಮ್ಮ ವಾರ್ಷಿಕ ಕ್ರೀಡಾಕೂಟದಲ್ಲಿ ಸಂಗೀತ ಕುರ್ಚಿ, ಲಿಂಬೆ-ಚಮಚದ ಜೊತೆಗೆ ಒಂದು ಹಾಕಿ ಪಂದ್ಯವನ್ನೂ ಇಡೋಣ. ಐದೈದು ಜನರ ಆಟವಾದರೆ ಶಾಲೆಯ ಅಂಗಳವೇ ಸಾಕು. ರಜೆಯಲ್ಲಿ ಊರಿಗೆ ಹೋಗುವವರು ಬೇಸಿಗೆಯಲ್ಲಿ ಕೊಡಗಿನ ಕಡೆ ಒಂದು ಸುತ್ತು ಹಾಕಿ, ಮಕ್ಕಳಿಗೆ ಆ ಕುಟುಂಬ ಪಂದ್ಯಾವಳಿಯನ್ನು ತೋರಿಸಿ. ಹರಾಜಿಲ್ಲದೆಯೂ ಆಟ ನಡೆಯುತ್ತದೆ ಎಂಬುದನ್ನು ಅವರು ಕಣ್ಣಿಂದ ನೋಡಲಿ.

2028ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ಸ್. ತಂಡದ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ನೀವೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿ. ಕೊಡಗಿನ ಒಂದು ಹೆಸರು ಸಿಕ್ಕರೆ ನಮ್ಮ ಸಂಘದ ಕಚೇರಿಗೆ ಫೋನು ಮಾಡಿ ತಿಳಿಸಿ, ಸಿಹಿ ಹಂಚೋಣ. ಅಲ್ಲಿಯವರೆಗೆ ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನೆಂದು ಎರಡು ಸಾಲು ಬರೆಯಿರಿ. ಒಪ್ಪದಿದ್ದವರು ನಾಲ್ಕು ಸಾಲು ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ನಮಸ್ಕಾರ.